ಗುರುವಾರ ಇಂಟರ್‌ವ್ಯೂ ಇದೆ, ಯಾರ ಮಾತು ಕೇಳಲಿ?

ಗುಬ್ಬಿ ಗೇಟ್ · ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಮೆಕ್ಯಾನಿಕಲ್ ಡಿಪ್ಲೊಮಾ. ಮುಗಿಸಿ ಒಂದೂವರೆ ವರ್ಷ ಆಯಿತು. ಅದರಲ್ಲಿ ಎಂಟು ತಿಂಗಳು ತುಮಕೂರಿನ ಅಂತರಸನಹಳ್ಳಿಯ ಒಂದು ಸಣ್ಣ ವರ್ಕ್‌ಶಾಪ್‌ನಲ್ಲಿದ್ದೆ. ಮಾಲೀಕರೂ ಸೇರಿ ಹನ್ನೊಂದು ಜನ. ಪಿಎಫ್ ಇಲ್ಲ. ಸಂಬಳ ಒಂದು ತಿಂಗಳು ಕೈಗೆ, ಒಂದು ತಿಂಗಳು ಫೋನ್‌ಪೇ. ಆರ್ಡರ್ ಕಮ್ಮಿ ಆಯಿತು ಅಂತ ಬಿಡಿಸಿದರು. ಈ ಗುರುವಾರ ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಕೆಲಸಕ್ಕೆ ಇಂಟರ್‌ವ್ಯೂ. ಒಂದು ವರ್ಷ ಅನುಭವ ಬೇಕು ಅಂತ ಹಾಕಿದ್ದಾರೆ.

ಇಂಟರ್‌ವ್ಯೂಗಿಂತ ಬುದ್ಧಿ ಹೇಳುವವರ ಕಾಟ ಜಾಸ್ತಿ ಆಗಿದೆ. ದೊಡ್ಡಪ್ಪ ವಾಚ್ ಫ್ಯಾಕ್ಟರಿಯಲ್ಲಿ ಇದ್ದವರು. "ಕೂತ್ಕೋ ಅನ್ನುವ ತನಕ ಕೂರಬೇಡ, ಮಾತಿಗೊಂದು ಸಾರ್ ಅನ್ನು, ಸಂಬಳದ ಸುದ್ದಿ ಎತ್ತಲೇಬೇಡ" ಅನ್ನುತ್ತಾರೆ. ಅತ್ತಿಗೆಯ ತಮ್ಮ ಬೆಂಗಳೂರಿನಲ್ಲಿ ಸಾಫ್ಟ್‌ವೇರ್. "ಅವರು ಎಷ್ಟು ಹೇಳಿದರೂ 30 ಪರ್ಸೆಂಟ್ ಸೇರಿಸಿ ಕೇಳು" ಅನ್ನುತ್ತಾನೆ. ಪಕ್ಕದ ಮನೆ ಆಂಟಿ ಕನ್ನಡ ಮೀಡಿಯಂ ಅಂತ ಬಾಯಿಬಿಡಬೇಡ ಅಂದರು. ರೀಲ್ಸ್ ನೋಡಿದರೆ ವೀಕ್‌ನೆಸ್ ಕೇಳಿದಾಗ ಪರ್ಫೆಕ್ಷನಿಸ್ಟ್ ಅನ್ನಬೇಕಂತೆ, ಗೊತ್ತಿಲ್ಲ ಅಂತ ಸತ್ತರೂ ಹೇಳಬಾರದಂತೆ, ಒಂದು ಸಲ ಕೊಟ್ಟ ಉತ್ತರ ಬದಲಾಯಿಸಿದರೆ ಕಾನ್ಫಿಡೆನ್ಸ್ ಇಲ್ಲ ಅಂದುಕೊಳ್ಳುತ್ತಾರಂತೆ.

ಇಷ್ಟರ ಮೇಲೆ ಒಂದು ಕನ್ಸಲ್ಟೆನ್ಸಿಯವರು ಫೋನ್ ಮಾಡಿದ್ದರು. 18,000 ಕೊಟ್ಟರೆ ಎರಡು ವರ್ಷದ ಎಕ್ಸ್‌ಪೀರಿಯೆನ್ಸ್ ಲೆಟರ್, ಪೇಸ್ಲಿಪ್ ಸಮೇತ. ಅಮ್ಮ ಚೀಟಿ ಎತ್ತೋಣ ಅನ್ನುತ್ತಿದ್ದಾರೆ. ಏನು ಮಾಡಲಿ?

ಮೂರನೇ ಶಿಫ್ಟ್ · ರಾತ್ರಿ 9:52

ಆ ಲೆಟರ್ ಮಾತ್ರ ಬೇಡ ತಂಗಿ. ಚೀಟಿ ಮುಟ್ಟಬೇಡಿ ಅಂತ ಅಮ್ಮನಿಗೂ ಹೇಳು. ಊಟ ಮಾಡಿ ಬಂದು ಬರೆಯುತ್ತೇನೆ. ನನ್ನದೇ ಒಂದು ಕಥೆ ಇದೆ.

ಚೌಕಾಬಾರ · ರಾತ್ರಿ 10:05

ಇಲ್ಲಿ ಎಲ್ಲರೂ ಹರಿಶ್ಚಂದ್ರನ ಮೊಮ್ಮಕ್ಕಳೇ. ಕಂಪನಿಯವರು ಸುಳ್ಳು ಹೇಳಲ್ವಾ? "ಎಂಟು ಗಂಟೆ ಕೆಲಸ" ಅಂತ ಹಾಕಿ ಹನ್ನೆರಡು ಗಂಟೆ ನಿಲ್ಲಿಸಲ್ವಾ? ಒಂದು ವರ್ಷ ಬೇಕು ಅಂದ ಕಡೆ ಎಂಟು ತಿಂಗಳು ಅಂದರೆ ಗೇಟಲ್ಲೇ ವಾಪಸ್. 18 ಸಾವಿರ ಜಾಸ್ತಿ ಆಯಿತು ಅಷ್ಟೇ, 10ಕ್ಕೆ ಮಾಡಿಕೊಡುವವರೂ ಇದ್ದಾರೆ.

ಮೂರನೇ ಶಿಫ್ಟ್ · ರಾತ್ರಿ 11:10

ಚೌಕಾಬಾರ ಅಣ್ಣಾ, 2019ರಲ್ಲಿ ನಾನೂ ಹೀಗೇ ಅಂದುಕೊಂಡಿದ್ದೆ. ಆಗ ಕೊಟ್ಟಿದ್ದು 12,000. ಪೀಣ್ಯದ ಒಂದು ಕಂಪನಿಯಲ್ಲಿ ಎರಡು ವರ್ಷ ಕೆಲಸ ಮಾಡಿದ ಹಾಗೆ ಲೆಟರ್, ಮೂರು ತಿಂಗಳ ಪೇಸ್ಲಿಪ್. ಸೀಲ್ ಎಲ್ಲ ಚೆನ್ನಾಗಿಯೇ ಇತ್ತು. ಕೆಲಸವೂ ಸಿಕ್ಕಿತು. ಮೊದಲ ಸಂಬಳದಲ್ಲಿ ಅಪ್ಪನಿಗೆ ಪಂಚೆ ತಂದೆ, ಅಮ್ಮನಿಗೆ ಸೀರೆ.

ನಲವತ್ತು ದಿನ ಆದ ಮೇಲೆ ಎಚ್‌ಆರ್ ಮೇಡಂ ಕರೆದರು. ಟೇಬಲ್ ಮೇಲೆ ನನ್ನ ಪೇಸ್ಲಿಪ್. ಅವರು ಬೈಯಲಿಲ್ಲ, ಪೆನ್ಸಿಲ್‌ನಲ್ಲಿ ಒಂದು ಸಾಲಿನ ಕೆಳಗೆ ಗೆರೆ ಎಳೆದರು. 13,500 ಸಂಬಳಕ್ಕೆ 200 ರೂಪಾಯಿ ವೃತ್ತಿ ತೆರಿಗೆ ಹಿಡಿದಿದ್ದಾರೆ ಅಂತ ಅದರಲ್ಲಿ ಇತ್ತು. ಆಗ ನಮ್ಮ ರಾಜ್ಯದಲ್ಲಿ 15,000ಕ್ಕಿಂತ ಕಮ್ಮಿ ಸಂಬಳಕ್ಕೆ ಆ ತೆರಿಗೆಯೇ ಇರಲಿಲ್ಲ. ಲೆಟರ್ ಮಾಡಿಕೊಟ್ಟವನಿಗೆ ಅಷ್ಟೂ ಗೊತ್ತಿಲ್ಲ. ಆಮೇಲೆ "ನಿಮ್ಮ ಹಳೇ ಯುಎಎನ್, ಅದೇ ಪಿಎಫ್ ನಂಬರ್ ಹೇಳಿ" ಅಂದರು. ಎಲ್ಲಿಂದ ಹೇಳಲಿ? ನನಗೆ ಪಿಎಫ್ ನಂಬರ್ ಹುಟ್ಟಿದ್ದೇ ಆ ಕಂಪನಿಯಲ್ಲಿ. ಲೆಟರ್‌ನಲ್ಲಿ ನೋಡಿದರೆ 300 ಜನರ ಕಂಪನಿ ಅಂತ ಜಂಬವಾಗಿ ಬರೆದಿದ್ದಾನೆ. 20 ಜನ ಇದ್ದರೆ ಸಾಕು, ಪಿಎಫ್ ಕಟ್ಟಲೇಬೇಕು. ಯಾವ ತಿಂಗಳು ಯಾರು ಎಷ್ಟು ಕಟ್ಟಿದರು ಅನ್ನುವುದು ಪಾಸ್‌ಬುಕ್‌ನಲ್ಲಿ ಸಾಲು ಸಾಲಾಗಿ ಬರುತ್ತದೆ.

ಅದೇ ದಿನ ಗೇಟ್ ಪಾಸ್ ವಾಪಸ್ ಕೊಟ್ಟು ಬಂದೆ. ಮನೆಯಲ್ಲಿ ಹತ್ತು ದಿನ ಹೇಳಲಿಲ್ಲ. ಬೆಳಿಗ್ಗೆ ಡಬ್ಬಿ ತಗೊಂಡು ಹೊರಟು ತುಮಕೂರು ಸ್ಟೇಷನ್‌ನಲ್ಲಿ ಕೂತು ಊಟ ಮಾಡಿ ಸಂಜೆ ಮನೆಗೆ ಬರುತ್ತಿದ್ದೆ. ದುಡ್ಡು ವಾಪಸ್ ಕೊಡು ಅಂತ ಕನ್ಸಲ್ಟೆನ್ಸಿಗೆ ಹೋದರೆ ಆ ಮಳಿಗೆಯಲ್ಲಿ ಮೊಬೈಲ್ ಕವರ್ ಮಾರುತ್ತಿದ್ದರು.

ಚೌಕಾಬಾರ · ರಾತ್ರಿ 11:31

ವೃತ್ತಿ ತೆರಿಗೆ ಕಥೆ ಗೊತ್ತಿರಲಿಲ್ಲ. ಆದರೂ ಎಂಟು ತಿಂಗಳಿಗೆ ಏನು ಮಾಡೋದು ಅಂತ ಯಾರೂ ಹೇಳಲಿಲ್ಲ.

ಡಾಬಸ್‌ಪೇಟೆ ಅಕ್ಕ · ಸೋಮವಾರ ಬೆಳಿಗ್ಗೆ 7:15

ನಾನು ಹೇಳುತ್ತೇನೆ. 11 ವರ್ಷದಿಂದ ಡಾಬಸ್‌ಪೇಟೆ ಕಡೆ ಕಾರ್ಖಾನೆಗಳಲ್ಲಿ ಎಚ್‌ಆರ್. ಟೇಬಲ್‌ನ ಆ ಕಡೆ ಕೂರುವವಳು.

ಗುಬ್ಬಿ ಗೇಟ್, ನಿನ್ನ ಬಯೋಡೇಟಾದಲ್ಲಿ ಎಂಟು ತಿಂಗಳು ಅಂತಲೇ ಬರೆದಿದ್ದೀಯಾ? ಹಾಗಾದರೆ ಅದನ್ನ ನೋಡಿಯೇ ಕರೆದಿದ್ದಾರೆ. ಈಗ ಹೋಗಿ ಎರಡು ವರ್ಷದ ಲೆಟರ್ ಇಟ್ಟರೆ ನಿನ್ನ ಎರಡು ಕಾಗದ ನಿನ್ನ ಎದುರಿಗೇ ಜಗಳ ಆಡುತ್ತವೆ. ಆ ವರ್ಕ್‌ಶಾಪ್ ಮಾಲೀಕರ ಹತ್ತಿರ ಹೋಗಿ ಲೆಟರ್‌ಹೆಡ್ ಮೇಲೆ ನಾಲ್ಕು ಸಾಲು ಬರೆಸಿಕೋ. ಯಾವಾಗಿನಿಂದ ಯಾವಾಗಿನವರೆಗೆ, ಏನು ಕೆಲಸ, ಅವರ ಫೋನ್ ನಂಬರ್. ಫೋನ್‌ಪೇ ಮಾಡಿದ ತಿಂಗಳುಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟುಕೋ. ಹನ್ನೊಂದು ಜನರ ಜಾಗ ಅಂದರೆ ಪಿಎಫ್ ಯಾಕಿಲ್ಲ ಅಂತ ಯಾರೂ ಕೇಳುವುದಿಲ್ಲ.

ಮಿಕ್ಕ ಬುದ್ಧಿಮಾತು ಇದೆಯಲ್ಲ, ಒಂದೊಂದೂ ಒಂದು ಕಾಲಕ್ಕೆ, ಒಂದು ಕೆಲಸಕ್ಕೆ ಸರಿಯಾಗಿಯೇ ಇತ್ತು. ದೊಡ್ಡಪ್ಪನ ಕಾಲದ ಸರ್ಕಾರಿ ಕಾರ್ಖಾನೆಯಲ್ಲಿ ಸಂಬಳ ಸ್ಕೇಲ್ ಪ್ರಕಾರ. ಬಾಯಿಬಿಟ್ಟು ಕೇಳಿದರೂ ಒಂದೇ, ಬಿಟ್ಟರೂ ಒಂದೇ. ಸಾಫ್ಟ್‌ವೇರ್ ಹುಡುಗನದು ಕೈಯಲ್ಲಿ ಒಂದು ಕೆಲಸ ಇಟ್ಟುಕೊಂಡು ಇನ್ನೊಂದಕ್ಕೆ ಹಾರುವವರ ಲೆಕ್ಕ. ನಿನಗೆ ಎರಡೂ ಹೊಂದುವುದಿಲ್ಲ. ಯಾರಾದರೂ ಬುದ್ಧಿ ಹೇಳಿದರೆ ನಗುನಗುತ್ತಾ ಒಂದೇ ಮಾತು ಕೇಳು. "ಇಂಥ ಕೆಲಸಕ್ಕೆ ನೀವು ಕೊನೆಯ ಸಲ ಇಂಟರ್‌ವ್ಯೂಗೆ ಕೂತಿದ್ದು, ಇಲ್ಲ ಇಂಟರ್‌ವ್ಯೂ ಮಾಡಿದ್ದು ಯಾವಾಗ?" ಮುಕ್ಕಾಲು ಜನ ಅಲ್ಲೇ ಕಾಫಿ ಕೇಳಿ ಸುಮ್ಮನಾಗುತ್ತಾರೆ.

ಪರ್ಫೆಕ್ಷನಿಸ್ಟ್ ಅನ್ನುವ ಮಾತನ್ನ ಒಂದೇ ದಿನ ಹದಿನಾಲ್ಕು ಸಲ ಕೇಳಿದ್ದೇನೆ. ಎಲ್ಲರೂ ಒಂದೇ ವಿಡಿಯೋ ನೋಡಿ ಬಂದಿರುತ್ತಾರೆ. ಹೋದ ವರ್ಷ ಒಬ್ಬ ಹುಡುಗ ಅಂದ: "ಮೇಡಂ, ನನ್ನ ಕೈಬರಹ ನನಗೇ ಓದೋಕೆ ಆಗಲ್ಲ. ಅದಕ್ಕೆ ರಿಪೋರ್ಟ್ ಎಲ್ಲ ಕ್ಯಾಪಿಟಲ್ ಅಕ್ಷರದಲ್ಲೇ ಬರೀತೀನಿ." ಅದು ಇನ್‌ಸ್ಪೆಕ್ಷನ್ ರಿಪೋರ್ಟ್ ಬರೆಯುವ ಕೆಲಸ. ಅವನನ್ನ ತಗೊಂಡೆವು. ಈಗಲೂ ಕ್ಯಾಪಿಟಲ್‌ನಲ್ಲೇ ಬರೆಯುತ್ತಾನೆ.

ಕನ್ನಡ ಮೀಡಿಯಂ ಮುಚ್ಚಿಡಬೇಡ. ಪ್ರೊಡಕ್ಷನ್ ಮ್ಯಾನೇಜರ್ ಬೇರೆ ರಾಜ್ಯದವರಾಗಿದ್ದರೆ ಇಂಗ್ಲಿಷ್‌ನಲ್ಲಿ ಕೇಳಬಹುದು. ಬಂದಷ್ಟು ಹೇಳು. ಸಿಕ್ಕಿಹಾಕಿಕೊಂಡರೆ "ಸಾರ್, ಇದನ್ನ ಕನ್ನಡದಲ್ಲಿ ಹೇಳಲಾ?" ಅಂತ ಕೇಳು. ಲೈನ್ ಮೇಲೆ ಆಪರೇಟರ್‌ಗಳ ಹತ್ತಿರ ಮಾತಾಡುವುದು ಕನ್ನಡದಲ್ಲೇ ಅಲ್ವಾ? ಬಾಯಿಪಾಠ ಮಾಡಿದ "ಮೈಸೆಲ್ಫ್" ಭಾಷಣ ಎರಡನೇ ವಾಕ್ಯಕ್ಕೇ ಗೊತ್ತಾಗುತ್ತದೆ. ನಡುವೆ ತಡೆದು ಒಂದು ಪ್ರಶ್ನೆ ಕೇಳಿದರೆ ಪಾಪ, ಮೊದಲಿಂದ ಶುರು ಮಾಡುತ್ತಾರೆ.

ಪ್ಯಾಸೆಂಜರ್ ಗಾಡಿ · ಸೋಮವಾರ ಬೆಳಿಗ್ಗೆ 8:02

ಆ ರೀಲ್ಸ್‌ಗಳನ್ನ ಕೊನೆಯವರೆಗೆ ನೋಡಿದ್ದೀರಾ? ಕೊನೆಗೆ 999 ರೂಪಾಯಿ ಕೋರ್ಸ್ ಲಿಂಕ್ ಇರುತ್ತದೆ. ಮೊದಲು ಹೆದರಿಸೋದು, ಆಮೇಲೆ ಮಾರೋದು. ನಾನು ದಿನಾ ಟ್ರೈನ್‌ನಲ್ಲಿ ಬೆಂಗಳೂರಿಗೆ ಹೋಗುವವನು. ನನ್ನ ಎದುರು ಸೀಟಿನ ಹುಡುಗರು ಇಂಟರ್‌ವ್ಯೂ ದಿನ ಯಶವಂತಪುರ ಬರುವ ತನಕ ಅದನ್ನೇ ನೋಡುತ್ತಿರುತ್ತಾರೆ. ಕಂಪನಿ ಏನು ತಯಾರು ಮಾಡುತ್ತದೆ ಅಂತ ಕೇಳಿದರೆ ಗೊತ್ತಿರುವುದಿಲ್ಲ.

ಕುಣಿಗಲ್ ಕುದುರೆ · ಸೋಮವಾರ ಮಧ್ಯಾಹ್ನ 1:20

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಕಡೆ ಒಬ್ಬ ರೈಲ್ವೆ ಗ್ರೂಪ್ ಡಿ ಇಂಟರ್‌ವ್ಯೂನಲ್ಲಿ ಪಾಸ್ ಮಾಡಿಸುತ್ತೇನೆ ಅಂತ ಹುಡುಗರ ಹತ್ತಿರ ದುಡ್ಡು ಕೇಳುತ್ತಿದ್ದಾನೆ. ಆ ಕೆಲಸಕ್ಕೆ ಇಂಟರ್‌ವ್ಯೂನೇ ಇಲ್ಲ ಸ್ವಾಮಿ! ಕೇಂದ್ರ ಸರ್ಕಾರ ಗ್ರೂಪ್ ಸಿ, ಗ್ರೂಪ್ ಡಿ, ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಕೆಲಸಗಳಿಗೆ 2016ರ ಜನವರಿ 1ರಿಂದ ಇಂಟರ್‌ವ್ಯೂ ತೆಗೆದುಹಾಕಿದೆ. ಇಲ್ಲದ ಇಂಟರ್‌ವ್ಯೂಗೆ ಟ್ರೈನಿಂಗ್ ಕೊಡುವ ಸೆಂಟರ್‌ಗಳೂ ಇವೆ.

ಬ್ಯಾಂಕ್ ಪಾಸ್‌ಬುಕ್ · ಸೋಮವಾರ ಮಧ್ಯಾಹ್ನ 1:48

ಬ್ಯಾಂಕ್‌ನಲ್ಲೂ ಅಷ್ಟೇ. ಐಬಿಪಿಎಸ್ ಕ್ಲರ್ಕ್‌ಗೆ ಇಂಟರ್‌ವ್ಯೂ ಇಲ್ಲ. ಪಿಒಗೆ, ಅಂದರೆ ಆಫೀಸರ್ ಕೆಲಸಕ್ಕೆ ಇದೆ, 100 ಅಂಕಕ್ಕೆ. ಕೊನೆಯ ಲೆಕ್ಕದಲ್ಲಿ ಮೇನ್ಸ್‌ಗೆ 80, ಇಂಟರ್‌ವ್ಯೂಗೆ 20 ಪಾಲು. ಅಂದರೆ ಓದಿದ್ದೇ ಮುಖ್ಯ. ಸೂಟು ಬೂಟು ಅಂತ ಸಾಲ ಮಾಡಬೇಡಿ.

ಗುಬ್ಬಿ ಗೇಟ್ · ಸೋಮವಾರ ಸಂಜೆ 6:30

ರೈಲು ಬ್ಯಾಂಕು ಎಲ್ಲ ಸುತ್ತಿ ಬಂದಿರಿ, ನನ್ನ ಗುರುವಾರ ಎಲ್ಲಿಗೆ ಬಂತು? 😄

ಅಕ್ಕಾ, ತುಂಬಾ ಥ್ಯಾಂಕ್ಸ್. ಹಳೇ ಮಾಲೀಕರ ಹತ್ತಿರ ಹೋಗಿದ್ದೆ. ಬೈಯುತ್ತಾರೇನೋ ಅಂದುಕೊಂಡಿದ್ದೆ. ಟೀ ಕುಡಿಸಿ ಲೆಟರ್ ಬರೆಸಿಕೊಟ್ಟರು. "ಗೇಜ್ ನೋಡೋದರಲ್ಲಿ ಚುರುಕು" ಅಂತ ಒಂದು ಸಾಲು ಅವರೇ ಸೇರಿಸಿದರು. ಕನ್ಸಲ್ಟೆನ್ಸಿ ನಂಬರ್ ಬ್ಲಾಕ್ ಮಾಡಿದೆ. ಸಂಬಳದ ಮಾತು ಹೇಗೆ ಎತ್ತಲಿ, ಅದೊಂದು ಹೇಳಿ. ಕೇಳಲೇಬೇಡ ಅನ್ನುವವರು ಒಂದು ಕಡೆ, ಕಿತ್ತಾಡು ಅನ್ನುವವರು ಇನ್ನೊಂದು ಕಡೆ.

ಡಾಬಸ್‌ಪೇಟೆ ಅಕ್ಕ · ಸೋಮವಾರ ರಾತ್ರಿ 8:50

ಅವರಾಗಿ ಎತ್ತುವ ತನಕ ಕಾಯಿ. ಎತ್ತಿದ ಮೇಲೆ ನಾಚಿಕೆ ಬೇಡ. ಮೊದಲ ಪ್ರಶ್ನೆ ಮೊತ್ತದ್ದಲ್ಲ. "ಕಂಪನಿ ರೋಲಾ, ಕಾಂಟ್ರಾಕ್ಟ್ ರೋಲಾ, ಇಲ್ಲ ಅಪ್ರೆಂಟಿಸಾ?" ಇದನ್ನ ಕೇಳು. ಅಪ್ರೆಂಟಿಸ್ ಆದರೆ ಸ್ಟೈಪೆಂಡ್ ಮಾತ್ರ, ಪಿಎಫ್ ಇಎಸ್‌ಐ ಬರುವುದಿಲ್ಲ. ಕಾಂಟ್ರಾಕ್ಟ್ ಆದರೆ ಸಂಬಳ ಕೊಡುವವರು ಬೇರೆಯವರು, ಅವರ ಹೆಸರು ಬರೆದುಕೋ.

ಆಮೇಲೆ ಕೈಗೆ ಎಷ್ಟು ಅಂತ ಕೇಳು. 18,000 ಅಂದರು ಅಂತ ಇಟ್ಟುಕೋ. ಅದರಲ್ಲಿ ಬೇಸಿಕ್, ಡಿಎ ಸೇರಿ 15,000 ಇದ್ದರೆ ಪಿಎಫ್ 12 ಪರ್ಸೆಂಟ್, 1,800 ಹೋಗುತ್ತದೆ. ಇಎಸ್‌ಐ 0.75 ಪರ್ಸೆಂಟ್, 135. ಉಳಿದಿದ್ದು 16,065. ಕ್ಯಾಂಟೀನ್, ಬಸ್ಸಿಗೆ ಹಿಡಿದರೆ ಇನ್ನೂ ಕಮ್ಮಿ. "ಸಿಟಿಸಿ 18,000" ಅಂದರೆ ಕಂಪನಿ ಕಟ್ಟುವ ಪಿಎಫ್ ಪಾಲೂ ಅದರೊಳಗೇ ಇರುತ್ತದೆ, ಆಗ ಲೆಕ್ಕ ಇನ್ನೂ ಕೆಳಗೆ. ಇದನ್ನ ಕೇಳಿದರೆ ದುರಾಸೆ ಅಂತ ಯಾರೂ ಅಂದುಕೊಳ್ಳುವುದಿಲ್ಲ. ನಾನಂತೂ ಅಂದುಕೊಂಡಿಲ್ಲ.

ಯೂನಿಫಾರ್ಮ್‌ಗೆ, ಟ್ರೈನಿಂಗ್‌ಗೆ, ಡೆಪಾಸಿಟ್‌ಗೆ ಅಂತ ಮೊದಲೇ ದುಡ್ಡು ಕೇಳಿದರೆ ಎದ್ದು ಬಾ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ತೋರಿಸು, ಅಲ್ಲಿ ಬಿಟ್ಟು ಬರಬೇಡ.

ತಿಪಟೂರು ಕೊಬ್ಬರಿ · ಮಂಗಳವಾರ ಬೆಳಿಗ್ಗೆ 6:20

ಎಲ್ಲರೂ ಸೇರಿ ಆ ದೊಡ್ಡಪ್ಪನನ್ನ ಮೂಲೆಗೆ ಕೂರಿಸಿಬಿಟ್ಟಿರಿ. ನನಗೆ ಸ್ವಲ್ಪ ಬೇಜಾರಾಯಿತು. ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆ ಅಂದರೆ ಒಂದು ಕಾಲದಲ್ಲಿ ಈ ಊರಿನ ಹೆಮ್ಮೆ. ಅಲ್ಲಿಯ ಕೆಲಸ ಇದ್ದರೆ ಹೆಣ್ಣು ಕೊಡುವವರು ಬೇರೆ ಏನೂ ಕೇಳುತ್ತಿರಲಿಲ್ಲ. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು, ಜಾಗ ಇಸ್ರೋಗೆ ಹೋಯಿತು. ಅಲ್ಲಿ ಕೂತವರು ಕೂದಲಿಗಿಂತ ಸಣ್ಣ ಅಳತೆ ನೋಡಿದವರು.

ನೀನು ಹೋಗುತ್ತಿರುವುದು ಯಾವ ಕೆಲಸಕ್ಕೆ ಮಗಳೇ? ಅಳೆಯುವ ಕೆಲಸಕ್ಕೆ. ಇಂಟರ್‌ವ್ಯೂನಲ್ಲಿ ಹೇಗೆ ಕೂರಬೇಕು ಅಂತ ದೊಡ್ಡಪ್ಪನ್ನ ಕೇಳಬೇಡ. ವರ್ನಿಯರ್, ಅದೇ ಬಾಯಲ್ಲಿ ಕಚ್ಚಿಸಿ ಅಳೆಯುವ ಸಾಧನ, ಅದನ್ನ ಹೇಗೆ ಹಿಡಿಯಬೇಕು ಅಂತ ಕೇಳು.

ಮೂರನೇ ಶಿಫ್ಟ್ · ಮಂಗಳವಾರ ಬೆಳಿಗ್ಗೆ 7:05

ಸೂಪರ್ ಹೇಳಿದಿರಿ ಅಂಕಲ್.

ಗುಬ್ಬಿ ಗೇಟ್ · ಬುಧವಾರ ರಾತ್ರಿ 10:15

ಕೊಬ್ಬರಿ ಅಂಕಲ್, ನಿಮ್ಮ ಮಾತು ಕೇಳಿ ದೊಡ್ಡಪ್ಪನ ಮನೆಗೆ ಹೋದೆ. ಅವರು ಒಂದು ಮಾತೂ ಆಡಲಿಲ್ಲ. ಬೀರುವಿನಿಂದ ಹಳೇ ಪಂಚೆ ತುಂಡಿನಲ್ಲಿ ಸುತ್ತಿಟ್ಟ ವರ್ನಿಯರ್ ತೆಗೆದರು. ಎಣ್ಣೆ ಹಾಕಿ ಇಟ್ಟಿದ್ದಾರೆ! 0.02 ಮಿ.ಮೀ.ವರೆಗೆ ನೋಡಬಹುದು. ಮೂರು ಗಂಟೆ ಕೂರಿಸಿಕೊಂಡರು. ಹತ್ತು ರೂಪಾಯಿ ನಾಣ್ಯ ಅಳೆಸಿದರು, 27 ಬರಬೇಕು. ದೊಡ್ಡಮ್ಮನ ಬಳೆ, ಪೆನ್ನು, ಗೇಟಿನ ಬೋಲ್ಟು, ಮನೆಯಲ್ಲಿ ಏನೂ ಬಿಡಲಿಲ್ಲ. "ಮೊದಲು ಒರೆಸು. ವರ್ನಿಯರ್ ಬಾಯಿ ಮುಚ್ಚು. ಬೆಳಕಿಗೆ ಹಿಡಿ. ಸೊನ್ನೆಗೆ ಸೊನ್ನೆ ಕೂತಿದೆಯಾ ನೋಡು. ಆಮೇಲೆ ಅಳೆ." ಇದನ್ನ ಹತ್ತು ಸಲ ಹೇಳಿದರು. ಹೊರಡುವಾಗ ಬಾಗಿಲಲ್ಲಿ ನಿಂತು "ಸಂಬಳ ಮಾತ್ರ ಕೇಳಬೇಡ" ಅಂದರು. ನಕ್ಕು ಬಂದೆ.

ಚೌಕಾಬಾರ · ಬುಧವಾರ ರಾತ್ರಿ 10:40

ಒಳ್ಳೆಯದಾಗಲಿ ತಂಗಿ. ನಾನು ಹೇಳಿದ್ದನ್ನ ಮರೆತುಬಿಡು.

ಗುಬ್ಬಿ ಗೇಟ್ · ಗುರುವಾರ ಸಂಜೆ 7:25

ಮುಗಿಯಿತು. ಹೋದವರು ಇಪ್ಪತ್ತಕ್ಕೂ ಜಾಸ್ತಿ ಜನ. ನನ್ನ ಸರದಿ ಬಂದಾಗ ಒಂದೂವರೆ ಗಂಟೆ. ಒಳಗೆ ಎಚ್‌ಆರ್ ಒಬ್ಬರು, ಕ್ವಾಲಿಟಿ ಮ್ಯಾನೇಜರ್ ಒಬ್ಬರು. ಮೀಡಿಯಂ, ವೀಕ್‌ನೆಸ್ ಏನೂ ಕೇಳಲಿಲ್ಲ. ಎಂಟು ತಿಂಗಳಲ್ಲಿ ಏನು ಮಾಡಿದೆ ಅಂದರು, ಹೇಳಿದೆ. ಲೆಟರ್ ನೋಡಿ ಪಕ್ಕಕ್ಕೆ ಇಟ್ಟರು.

ಆಮೇಲೆ ಮ್ಯಾನೇಜರ್ ಒಂದು ಬುಷ್ (ಕೊಳವೆ ಥರದ ಸಣ್ಣ ಬಿಡಿಭಾಗ), ಒಂದು ವರ್ನಿಯರ್, ಒಂದು ಡ್ರಾಯಿಂಗ್ ಮುಂದಿಟ್ಟರು. ಹೊರ ವ್ಯಾಸ 25 ಮಿ.ಮೀ., 0.05 ಹೆಚ್ಚು ಕಮ್ಮಿ ಆದರೆ ಸರಿ. "ಪಾಸಾ, ರಿಜೆಕ್ಟಾ?" ಅಂದರು. ಕೈ ನಡುಗುತ್ತಿತ್ತು. ಸೀದಾ ಹಿಡಿದು ಅಳೆದೆ. 25.08. "ರಿಜೆಕ್ಟ್ ಸಾರ್" ಅಂದೆ. ಅವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಏನೋ ಬರೆದುಕೊಂಡರು.

ವರ್ನಿಯರ್ ವಾಪಸ್ ಇಡಬೇಕು ಅಂತ ಅದರ ಬಾಯಿ ಮುಚ್ಚಿದೆ. ಆಗ ಕಣ್ಣಿಗೆ ಬಿತ್ತು. ಸೊನ್ನೆ ಸೊನ್ನೆಗೆ ಕೂತಿಲ್ಲ. ಹೊಟ್ಟೆಯಲ್ಲಿ ಏನೋ ಕಲಸಿದ ಹಾಗಾಯಿತು. ನಿನ್ನೆ ರಾತ್ರಿ ದೊಡ್ಡಪ್ಪ ಹತ್ತು ಸಲ ಹೇಳಿದ್ದನ್ನೇ ಮಾಡಿರಲಿಲ್ಲ. ಆ ರೀಲ್ಸ್ ಮಾತು ನಿಜವಾಗಲೂ ನೆನಪಿಗೆ ಬಂತು, ಉತ್ತರ ಬದಲಾಯಿಸಬೇಡ ಅನ್ನುವುದು. ಸುಮ್ನೆ ಇದ್ದುಬಿಡೋಣ ಅಂತಲೂ ಅನ್ನಿಸಿತು.

"ಸಾರ್, ತಪ್ಪು ಹೇಳಿದೆ. ಝೀರೋ ನೋಡಿರಲಿಲ್ಲ. ಇನ್ನೊಂದು ಸಲ ನೋಡಲಾ?" ಅಂದೆ. ನೋಡಿ ಅನ್ನುವ ಹಾಗೆ ಕೈ ಮಾಡಿದರು. ದುಪಟ್ಟಾದಲ್ಲಿ ಒರೆಸಿ ಮುಚ್ಚಿ ಕಿಟಕಿ ಕಡೆ ಹಿಡಿದೆ. ಮುಚ್ಚಿದಾಗಲೇ 0.04 ತೋರಿಸುತ್ತಿದೆ. ಮತ್ತೆ ಅಳೆದೆ, ಅದೇ 25.08. ಕಳೆದರೆ 25.04. "ಪಾಸ್ ಸಾರ್. ವರ್ನಿಯರ್ ರಿಜೆಕ್ಟ್" ಅಂದೆ. ಅದು ಹೇಗೆ ಬಾಯಿಗೆ ಬಂತೋ ಗೊತ್ತಿಲ್ಲ. ಎಚ್‌ಆರ್ ನಕ್ಕರು. ಮ್ಯಾನೇಜರ್ ನಗಲಿಲ್ಲ. "ದುಪಟ್ಟಾದಲ್ಲಿ ಒರೆಸಬಾರದು" ಅಂದರು ಅಷ್ಟೇ.

ರೋಲ್ ಕೇಳಿದೆ. ಒಂದು ವರ್ಷ ಟ್ರೈನಿ, ಕಂಪನಿ ರೋಲ್, 17,000. ಪಿಎಫ್, ಇಎಸ್‌ಐ ಇದೆ. ಫೋನ್ ಮಾಡುತ್ತೇವೆ ಅಂದಿದ್ದಾರೆ.

ತಿಪಟೂರು ಕೊಬ್ಬರಿ · ಗುರುವಾರ ಸಂಜೆ 7:41

"ವರ್ನಿಯರ್ ರಿಜೆಕ್ಟ್"! ದೊಡ್ಡಪ್ಪನಿಗೆ ಹೇಳಿದೆಯಾ?

ಗುಬ್ಬಿ ಗೇಟ್ · ಗುರುವಾರ ಸಂಜೆ 7:50

ಹೇಳಿದೆ. ಮೊದಲೇ ಯಾಕೆ ಒರೆಸಲಿಲ್ಲ ಅಂತ ಬೈದರು.

ಪ್ಯಾಸೆಂಜರ್ ಗಾಡಿ · ಸೋಮವಾರ ಬೆಳಿಗ್ಗೆ 8:10

ಫೋನ್ ಬಂತಾ?

ಗುಬ್ಬಿ ಗೇಟ್ · ಬುಧವಾರ ಮಧ್ಯಾಹ್ನ 3:35

ಈಗ ಬಂತು! ಒಂದನೇ ತಾರೀಖು ಸೇರಬೇಕು. ಮೊದಲ ಶಿಫ್ಟ್, ಬೆಳಿಗ್ಗೆ 6ಕ್ಕೆ. ಕಂಪನಿ ಬಸ್ ಶಿರಾ ಗೇಟ್‌ಗೆ 5:10ಕ್ಕೆ ಬರುತ್ತದಂತೆ. ಗುಬ್ಬಿ ಗೇಟ್‌ನಿಂದ ಅಷ್ಟು ಹೊತ್ತಿಗೆ ಆಟೋ ಸಿಗುತ್ತದಾ? ಆ ಕಡೆ ಹೋಗುವ ಹೆಂಗಸರು ಯಾರಾದರೂ ಇದ್ದೀರಾ?

ಮೂರನೇ ಶಿಫ್ಟ್ · ಬುಧವಾರ ಮಧ್ಯಾಹ್ನ 3:52

ನನ್ನ ಅಕ್ಕ ಅದೇ ಕಡೆ ಬೇರೆ ಕಂಪನಿಗೆ ಹೋಗುತ್ತಾಳೆ. ಅವರ ಓಣಿಯ ಮೂರು ಜನ ಸೇರಿ ತಿಂಗಳ ಲೆಕ್ಕದಲ್ಲಿ ಒಂದು ಆಟೋ ಮಾಡಿಕೊಂಡಿದ್ದಾರೆ, ಗುಬ್ಬಿ ಗೇಟ್ ಮೇಲೇ ಹೋಗುತ್ತದೆ. ಒಂದು ಸೀಟ್ ಖಾಲಿ ಇದೆಯಾ ಅಂತ ಸಂಜೆ ಕೇಳಿ ಹೇಳುತ್ತೇನೆ. 4:50ಕ್ಕೆ ರೋಡಲ್ಲಿ ನಿಂತಿರಬೇಕು, ಡ್ರೈವರ್ ಹಾರ್ನ್ ಹೊಡೆಯೋದು ಒಂದೇ ಸಲ.